ನಾಲಿಗೆಯ ಕೆಳಗಿನ ಕಾವು

ನನ್ನ ಗಂಡ ದನಗಳ ಜ್ವರ ನೋಡುತ್ತಿದ್ದುದು ಬಾಲದ ಕೆಳಗೆ. ಗಾಜಿನ ಕಡ್ಡಿಯ ತುದಿಗೆ ಒಂದು ಉಂಗುರ, ಉಂಗುರಕ್ಕೆ ದಾರ, ದಾರದ ಕೊನೆಗೆ ಒಂದು ಕ್ಲಿಪ್ಪು. ಕಡ್ಡಿಯನ್ನು ಒಳಗಿಟ್ಟು, ಕ್ಲಿಪ್ಪನ್ನು ಬಾಲದ ಕೂದಲಿಗೆ ಸಿಕ್ಕಿಸಿ, ಹಸುವಿನ ಬೆನ್ನು ಸವರುತ್ತ ನಿಲ್ಲುತ್ತಿದ್ದರು. ಹಸು ಒದ್ದು ಓಡಿದರೂ ಥರ್ಮಾಮೀಟರು ಬಿದ್ದು ಒಡೆಯಬಾರದು ಎಂದು ಈ ಏರ್ಪಾಡು. ಮದುವೆಯಾಗಿ ಪಂಚನಹಳ್ಳಿಯಿಂದ ಅಜ್ಜಂಪುರಕ್ಕೆ ಬಂದ ಹೊಸತರಲ್ಲಿ ಇದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೆ. ಮುಂದೆ ಅಂಥದೇ ಕಡ್ಡಿ ನನ್ನ ಬಾಯಿಗೇ ಬಂದಾಗ ನಗು ಬರಲಿಲ್ಲ.

ಅವರು ದನದ ಆಸ್ಪತ್ರೆಯಲ್ಲಿ ಸ್ಟಾಕ್‌ಮನ್. ಅವರ ಮೇಲೆ ಓದಿದ ಡಾಕ್ಟರು ಬೇರೆ ಇದ್ದರು, ಆದರೂ ಊರವರ ಬಾಯಲ್ಲಿ ಇವರೇ ದನದ ಡಾಕ್ಟ್ರು. ಮನುಷ್ಯರ ಮೈ ತೊಂಬತ್ತೆಂಟು ಡಿಗ್ರಿಯಾದರೆ ಹಸುವಿನದು ನೂರಾ ಒಂದು ದಾಟುತ್ತದೆ, ಕುರಿಯದು ಇನ್ನೂ ಹೆಚ್ಚು, ಕೋಳಿಯದು ನೂರಾ ಆರು, ಏಳು. ಅಷ್ಟು ಬಿಸಿ ನಮಗೆ ಬಂದರೆ ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತದೆ, ಕೋಳಿ ಮಾತ್ರ ತಿಪ್ಪೆ ಕೆದಕಿಕೊಂಡು ಆರಾಮಾಗಿರುತ್ತದೆ. ಹಸು ಈಯುವ ಹಿಂದಿನ ದಿನ ಅದರ ಮೈಕಾವು ಇಳಿಯುತ್ತದಂತೆ, ಬೆದೆಗೆ ಬಂದಾಗ ಕೊಂಚ ಏರುತ್ತದಂತೆ. ಬೇರೆಯವರ ಗಂಡಂದಿರು ಊಟಕ್ಕೆ ಕೂತಾಗ ಸಿನಿಮಾ ಮಾತಾಡಿದರೆ ನನ್ನ ಗಂಡನದು ಈ ಮಾತು. ನಾನೂ ಬಡಿಸುತ್ತ ಹ್ಞೂಂಗುಟ್ಟುತ್ತಿದ್ದೆ.

ಬೆಳಗಾದರೆ ನಮ್ಮ ಜಗಲಿಗೆ ಯಾರಾದರೂ ರೈತ ಬಂದು ಕೂತಿರುತ್ತಿದ್ದ.

"ಹಸ ಬೆದೆಗೆ ಬಂದೈತೆ ಸಾಮಿ, ಇಂಜೆಕ್ಷನ್ ಮಾಡ್ಬೇಕಿತ್ತು."

"ಯಾವಾಗಿಂದ ಕೂಗ್ತೈತೆ?" ಎಂದು ಇವರು ಕೇಳುವುದು.

"ನಿನ್ನೆ ಸಂಜಿಂದ."

"ಹಂಗಾರೆ ಈಗ್ಲೇ ಹೊಡ್ಕಂಡ್ ಬಾ. ಹೊತ್ತು ಮೀರುದ್ರೆ ಗಬ್ಬ ನಿಲ್ಲಲ್ಲ."

ಈ ಮಾತುಗಳ ನಡುವೆ ನಾನು ಒಳಗೆ ಕಾಫಿ ಸೋಸುತ್ತಿರುತ್ತಿದ್ದೆ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ನನ್ನ ಮಡಿಲು ತುಂಬಿರಲಿಲ್ಲ. ಒಂದು ದಿನ ಲಿಂಗದಹಳ್ಳಿ ಕಡೆಯ ಒಬ್ಬ ರೈತ, ತನ್ನ ಹಸು ಈದ ಖುಷಿಗೆ ಗಿಣ್ಣುಹಾಲು ತಂದುಕೊಟ್ಟವನು, "ಊರ ದನಕ್ಕೆಲ್ಲ ಗಬ್ಬ ನಿಲ್ಲುಸ್ತೀರಿ, ನಿಮ್ಮನೇಲಿ ತೊಟ್ಲು ಕಟ್ಟೋದ್ಯಾವಾಗ ಸಾಮಿ?" ಅಂದ. ಕೆಟ್ಟ ಬುದ್ಧಿಯಿಂದ ಅಂದದ್ದಲ್ಲ, ಸಲಿಗೆಯಿಂದ ಅಂದದ್ದು. ಸೋಸುತ್ತಿದ್ದ ಕಾಫಿಯಲ್ಲಿ ಅರ್ಧ ಒಲೆಯ ಬೂದಿಗೆ ಹೋಯಿತು. ಹೊರಗೆ ಇವರು ಏನೋ ಅಂದು ನಕ್ಕರು. ಆ ಗಿಣ್ಣುಹಾಲನ್ನು ಕಾಯಿಸಿ ಇಳಿಸುವಾಗ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುವಷ್ಟು ಅವಮಾನವಾಯಿತು.

ತರೀಕೆರೆಯಲ್ಲಿ ಒಬ್ಬ ಲೇಡಿ ಡಾಕ್ಟರ್ ಇದ್ದಾರೆ ಎಂದು ಇವರೇ ಹೊರಡಿಸಿದರು. ಅತ್ತೆಗೆ ಸೀರೆ ತರುವ ನೆಪ ಹೇಳಿ ಬಸ್ಸು ಹತ್ತಿದೆವು. ಅದು ಎಪ್ಪತ್ತರ ದಶಕದ ಕೊನೆಯ ಕಾಲ. ಆಸ್ಪತ್ರೆಯ ಗೋಡೆಯ ತುಂಬ ಕೆಂಪು ತ್ರಿಕೋನ, ಮಕ್ಕಳು ಇಷ್ಟೇ ಸಾಕು ಎನ್ನುವ ಬರಹ. ಆ ಗೋಡೆಗೇ ಒರಗಿ ಕೂತು ನಾವು ಮಗು ಬೇಕು ಎಂದು ಕಾಯುತ್ತಿದ್ದೆವು. ಪಕ್ಕದಲ್ಲಿ ಕೂತವಳು ಐದು ಮಕ್ಕಳ ತಾಯಿ, ಆಪರೇಷನ್ ಮಾಡಿಸಿಕೊಳ್ಳಲು ಬಂದವಳು. "ನಿಂದೂ ಅದೇನಾ?" ಎಂದು ಕೇಳಿದಳು. ಇಲ್ಲ ಅನ್ನಲು ಬಾಯಿ ಬರದೆ ಹೌದು ಎಂದು ತಲೆಯಾಡಿಸಿಬಿಟ್ಟೆ. "ಎಷ್ಟು ಮಕ್ಳು?" ಅಂದಳು. ಪುಣ್ಯಕ್ಕೆ ಅಷ್ಟರಲ್ಲಿ ನನ್ನನ್ನು ಒಳಗೆ ಕರೆದರು.

ಡಾಕ್ಟರಮ್ಮ ನಮ್ಮಿಬ್ಬರನ್ನೂ ನೋಡಿ ಯಾರಲ್ಲೂ ಮೇಲುನೋಟಕ್ಕೆ ದೋಷ ಕಾಣುವುದಿಲ್ಲ ಅಂದರು. ಆಮೇಲೆ ನಿಧಾನವಾಗಿ ವಿವರಿಸಿದರು.

"ನೋಡಮ್ಮ, ಹೆಣ್ಣಿನ ಮೈಗೂ ಒಂದು ಲೆಕ್ಕ ಇದೆ. ಮುಟ್ಟಾದ ಮೇಲೆ ಮೊದಲ ಅರ್ಧ ತಿಂಗಳು ಬೆಳಗಿನ ಮೈ ಸ್ವಲ್ಪ ತಣ್ಣಗಿರತ್ತೆ. ಅಂಡ ಬಿಡುಗಡೆ ಆದಮೇಲೆ ಅರ್ಧ ಡಿಗ್ರಿಯಷ್ಟು ಏರಿ, ಮತ್ತೆ ಮುಟ್ಟಾಗೋವರೆಗೂ ಹಾಗೇ ನಿಲ್ಲತ್ತೆ. ಕೆಲವು ತಿಂಗಳು ನೋಡಿದ್ರೆ ಯಾವಾಗ ಏರತ್ತೆ ಅಂತ ತಿಳಿಯತ್ತೆ. ಏರೋದಕ್ಕಿಂತ ಹಿಂದಿನ ದಿನಗಳು ಮುಖ್ಯ. ಮುಟ್ಟಿನ ದಿನ ದಾಟಿದ ಮೇಲೂ ಇಳೀದೆ ನಿಂತ್ರೆ ಸಿಹಿ ಸುದ್ದಿ ಅಂತ ತಿಳ್ಕೋ."

ಒಂದೇ ಕಟ್ಟುನಿಟ್ಟು. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಥರ್ಮಾಮೀಟರು ನಾಲಿಗೆಯ ಕೆಳಗಿರಬೇಕು. ಅದಕ್ಕೂ ಮುಂಚೆ ಎದ್ದು ಕೂರಬಾರದು, ಮಾತಾಡಬಾರದು, ನೀರು ಕುಡಿಯಬಾರದು. ವಾಪಸು ಬರುವಾಗ ಬಸ್ಸಿನಲ್ಲಿ ಇವರು ಬಹಳ ಉತ್ಸಾಹದಿಂದ ನನ್ನ ಕಿವಿಯ ಹತ್ತಿರ ಬಗ್ಗಿ, "ದನದ್ದೂ ಹೆಚ್ಚುಕಮ್ಮಿ ಇದೇ ಲೆಕ್ಕ ಕಣೆ," ಅಂದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಅಮೃತಾಪುರ ದಾಟಿದ ಮೇಲೂ ಈ ಕಡೆ ತಿರುಗಲಿಲ್ಲ.

ಥರ್ಮಾಮೀಟರು ಕೊಳ್ಳುವುದರಲ್ಲೇ ಎಡವಟ್ಟಾಯಿತು. ಊರಿನ ಔಷಧಿ ಅಂಗಡಿಯವನಿಗೆ ನಮ್ಮ ಮನೆಯವರೆಲ್ಲರ ಪರಿಚಯ. "ಯಾರಿಗೆ ಸಾರ್ ಜ್ವರ? ಮನೇಲಮ್ಮೋರಿಗಾ?" ಎಂದು ಕೇಳಿದ್ದಾನೆ. ಹೌದು ಅಂದಿದ್ದರೆ ಸಂಜೆಯೊಳಗೆ ಬೀದಿಯ ಹೆಂಗಸರೆಲ್ಲ ವಿಚಾರಿಸಿಕೊಳ್ಳಲು ಬಂದುಬಿಡುತ್ತಿದ್ದರು. ಇವರು ನಾಚಿಕೊಂಡು "ಕರೂಗೆ ಕಣಯ್ಯ" ಅಂದಿದ್ದಾರೆ. ಅವನು ಅಷ್ಟೇ ಪ್ರಾಮಾಣಿಕವಾಗಿ ದನದ ಥರ್ಮಾಮೀಟರನ್ನೇ ತೆಗೆದುಕೊಟ್ಟಿದ್ದಾನೆ. ಇದಲ್ಲ ಅನ್ನಲು ಬಾಯಿಲ್ಲದೆ ಇವರು ಅದನ್ನೇ ಜೇಬಿಗಿಟ್ಟುಕೊಂಡು ಬಂದಿದ್ದಾರೆ. ದಪ್ಪ ಕಡ್ಡಿ, ಮೊಂಡು ಮೂತಿ, ತುದಿಯಲ್ಲಿ ದಾರಕ್ಕೆಂದು ಅದೇ ಉಂಗುರ.

"ಇದನ್ನ ನಾನು ಬಾಯಿಗಿಟ್ಕಬೇಕಾ?" ಅಂದೆ.

"ಹೊಸದು ಕಣೆ. ಯಾವ ದನಕ್ಕೂ ಇಟ್ಟಿಲ್ಲ. ಒಳಗಿರೋ ಪಾದರಸ ಎಲ್ಲಾ ಒಂದೇ. ಕಡೂರಿಗೆ ಹೋದಾಗ ಬೇರೇದು ತತ್ತೀನಿ."

ಕಡೂರಿಗೆ ಎಷ್ಟೋ ಸಲ ಹೋದರು. ಪ್ರತಿಸಲವೂ ತೆಂಗಿನಕಾಯಿ ತಂದರು, ಥರ್ಮಾಮೀಟರು ತರಲಿಲ್ಲ. ನಾನು ಬೈದೆ, ಒಂದು ದಿನ ಅತ್ತುಬಿಟ್ಟೆ, ಕೊನೆಗೆ ಬಾಯಿ ತೆರೆದೆ. ಮಗುವಿನ ಆಸೆ ಅಷ್ಟಿತ್ತು.

ನನ್ನ ಬೆಳಗು ಹೀಗೆ ಶುರುವಾಗುತ್ತಿತ್ತು. ಇವರು ಹಿಂದಿನ ರಾತ್ರಿಯೇ ಕಡ್ಡಿಯನ್ನು ಜಾಡಿಸಿ ಪಾದರಸ ಇಳಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ಬೆಳಿಗ್ಗೆ ನಾನು ಕಣ್ಣು ಬಿಟ್ಟರೆ ಸಾಕು, ಬಾಯಿಗಿಡುವುದು. ಆಮೇಲೆ ಕಿಟಕಿಯ ಬಳಿ ಹಿಡಿದು ಓದುವುದೂ ಅವರೇ. ಆ ಮಬ್ಬಿನಲ್ಲಿ ಬೆಳ್ಳಿಗೆರೆ ನನ್ನ ಕಣ್ಣಿಗೆ ಸಿಗುತ್ತಲೇ ಇರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು ನಾನು, ಎಷ್ಟು ತಿರುಗಿಸಿದರೂ ಬರೀ ಗಾಜೇ ಕಾಣುತ್ತಿತ್ತು. ಅವರಿಗೆ ಅದು ದಿನನಿತ್ಯದ ಕೆಲಸ. ಒಂದು ಸಲ ತಿರುಗಿಸಿ ಅಂಕಿ ಹೇಳಿಬಿಡುತ್ತಿದ್ದರು. ಹೇಳುವ ದನಿಯೂ ಜಗಲಿಯಲ್ಲಿ ರೈತನಿಗೆ ಹೇಳುವ ದನಿಯೇ. ಕೆಲವು ದಿನ "ಇವತ್ತು ನಾಳೆ ಒಳ್ಳೇದು" ಅನ್ನುತ್ತಿದ್ದರು. ಆ ಮಾತು ಕೇಳಿದ ದಿನ ನಾನು ಕತ್ತಲಾಗುವುದಕ್ಕೆ ಹೆದರುತ್ತಿದ್ದೆ. ಗಂಡನ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ಅಂಕಿ ನೋಡಿ ಹತ್ತಿರ ಬರುವ ಗಂಡನ ಮುಖ ನೋಡಲು ನಾಚಿಕೆ.

ಇದಕ್ಕಿಂತ ದೊಡ್ಡ ಕಷ್ಟ ಅತ್ತೆಯದು. ಅವರ ಕಾಲದಿಂದ ನಡೆದುಬಂದ ಕಟ್ಟಳೆ, ಎದ್ದ ಮೇಲೆ ಮುಖ ತೊಳೆದು, ವಿಭೂತಿ ಹಚ್ಚಿ, ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡ ನಂತರವೇ ಬಾಯಿಗೆ ಏನಾದರೂ ಹೋಗಬೇಕು. ಅದಕ್ಕೂ ಮುಂಚೆ ನೀರು ಕೂಡ ಇಲ್ಲ. ಇನ್ನು ಅವರು ಕರೆದರೆ ಸೊಸೆ ಓಗೊಡಬೇಕು, ಎದ್ದು ಅಂಗಳಕ್ಕೆ ಸಗಣಿನೀರು ಹಾಕಬೇಕು. ಅವರು ಸರಿಯಾಗಿ ನನ್ನ ಬಾಯಲ್ಲಿ ಗಾಜಿರುವ ಹೊತ್ತಿಗೇ ನಡುಮನೆಯಿಂದ ಕೂಗುವರು.

"ಎದ್ದೇನೇ?"

"ಹ್ಞೂಂ," ಎಂದು ನಾನು ಮೂಗಿನಲ್ಲೇ ಅನ್ನುವುದು.

"ಏನ್ ಹ್ಞೂಂ? ಬಾಯಾಗೇನ್ ಕಡುಬು ಇಟ್ಕಂಡಿದೀಯಾ?"

ಹೀಗೆ ಕೆಲವು ವಾರ ನಡೆಯಿತು. ಸೊಸೆಗೆ ಕೊಬ್ಬು ಬಂದಿದೆ ಎಂದು ಅವರು ತೀರ್ಮಾನಿಸಿದ್ದಿರಬೇಕು. ಒಂದು ಬೆಳಿಗ್ಗೆ ಇವರು ಬಚ್ಚಲಿಗೆ ಹೋಗಿದ್ದಾಗ ಬಾಗಿಲು ತಳ್ಳಿ ಒಳಗೇ ಬಂದರು. ನಾನು ಅಂಗಾತ ಮಲಗಿದ್ದೆ, ತುಟಿಗಳ ನಡುವೆ ಕಡ್ಡಿ ನೆಟ್ಟಗೆ ನಿಂತಿತ್ತು. ಅತ್ತೆ ಬಗ್ಗಿ ನೋಡಿದರು. ಮಗ ಎಷ್ಟೋ ವರ್ಷ ಇದೇ ಕೆಲಸ ಮಾಡುವುದನ್ನು ಕಂಡವರಿಗೆ ಉಂಗುರದ ಗುರುತು ಹತ್ತದೆ ಇರುತ್ತದೆಯೇ?

"ಅಯ್ಯೋ ಶಿವನೇ! ಮುಕುಳಿಗಿಡೋದನ್ನ ಬಾಯಿಗಿಟ್ಕಂಡಿದೀಯಲ್ಲೇ!" ಅಂದವರು ಬಚ್ಚಲ ಕಡೆ ತಿರುಗಿ ಕೂಗಿದರು. "ಲೇ, ಬಾರೋ ಇಲ್ಲಿ! ಕಟ್ಕಂಡ ಹೆಂಡ್ತೀನ ಕೊಟ್ಟಿಗೆ ಹಸ ಮಾಡ್ಕಂಡಿದೀಯೇನೋ?"

ಇವರು ಒದ್ದೆ ಮುಖದಲ್ಲೇ ಓಡಿ ಬಂದರು. ಹೊಸದು ಅಂದರು, ಸ್ಪಿರಿಟ್ಟು ಅಂದರು. ಅತ್ತೆ ಜಗ್ಗಲಿಲ್ಲ. ಕೊನೆಗೆ ಯಾಕೆ, ಏನು ಎಂಬುದನ್ನು ಹೆತ್ತ ತಾಯಿಗೆ ಬಿಡಿಸಿ ಹೇಳಲೇಬೇಕಾಯಿತು. ತಿಂಗಳ ಲೆಕ್ಕ, ಏರುವುದು, ಇಳಿಯುವುದು, ಯಾವ ದಿನ ಯಾಕೆ ಮುಖ್ಯ, ಎಲ್ಲವನ್ನೂ ನನ್ನ ಹಾಸಿಗೆಯ ಪಕ್ಕದಲ್ಲೇ ನಿಂತು, ನೆಲ ನೋಡುತ್ತ ಹೇಳಿದರು. ನಾನು ಕಂಬಳಿಯನ್ನು ತಲೆಯ ಮೇಲಕ್ಕೆಳೆದುಕೊಂಡೆ. ನಮ್ಮ ರಾತ್ರಿಗಳೆಲ್ಲ ಅತ್ತೆಯ ಮುಂದೆ ಬಯಲಾಗಿ ಬಿದ್ದಿದ್ದವು. ಅತ್ತೆ ಪೂರ್ತಿ ಕೇಳಿಸಿಕೊಂಡು ಹೊರಗೆ ಹೋದರು. ದನ ಕಟ್ಟಿ ಬಾಳಿದ ಹೆಂಗಸು, ಅರ್ಥವಾಗದ್ದು ಏನೂ ಇರಲಿಲ್ಲ.

ಮಾರನೆಯ ದಿನದಿಂದ ಅವರು ನನ್ನನ್ನು ಕೂಗಲಿಲ್ಲ. ನಾನು ಬಾಯಲ್ಲಿ ಕಡ್ಡಿಯಿಟ್ಟುಕೊಂಡು ಮಲಗಿರುವಾಗ ಹೊರಗೆ ಪೊರಕೆಯ ಸದ್ದು. ಮಂಡಿನೋವಿನ ಹೆಂಗಸು ಅಂಗಳ ಗುಡಿಸಿ, ಸಗಣಿನೀರು ಹಾಕಿ, ರಂಗೋಲಿ ಎಳೆಯುತ್ತಿದ್ದರು. ಎದುರುಮನೆಯವಳು "ಸೊಸೆ ಎಲ್ಲಿ?" ಎಂದು ಕೇಳಿದರೆ "ಮೈ ನೆಟ್ಟಗಿಲ್ಲ ಕಣೆ, ಮಲಕ್ಕಂಡವಳೆ" ಅನ್ನುವುದು ಕೇಳಿಸುತ್ತಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಪೊರಕೆಯ ಸದ್ದನ್ನು ತಡೆದುಕೊಳ್ಳಲಾಗುತ್ತಿರಲಿಲ್ಲ. ಎದ್ದು ಹೋಗಿ ಕಿತ್ತುಕೊಳ್ಳೋಣ ಅನ್ನಿಸಿದರೂ ಏಳುವ ಹಾಗಿರಲಿಲ್ಲ. ಎದ್ದರೆ ಲೆಕ್ಕ ತಪ್ಪುತ್ತದೆ.

ಆ ವರ್ಷದ ಬೇಸಗೆಯಲ್ಲಿ ಒಂದು ತಿಂಗಳು ಏರಿದ ಕಾವು ಇಳಿಯಲಿಲ್ಲ. ಮುಟ್ಟಿನ ದಿನ ಬಂತು, ಹೋಯಿತು. ಇವರು ಬೆಳಿಗ್ಗೆ ಬೆಳಿಗ್ಗೆ ಕಡ್ಡಿ ತಿರುಗಿಸಿ ನೋಡಿ, "ಹಂಗೇ ಐತೆ ಕಣೆ, ಹಂಗೇ ಐತೆ," ಎಂದು ಪಿಸುಗುಡುವರು. ಯಾರಿಗೂ ಹೇಳಬೇಡಿ, ಇನ್ನೊಂದಿಷ್ಟು ದಿನ ಹೋಗಲಿ ಎಂದು ನಾನು ಕೈಮುಗಿದು ಕೇಳಿಕೊಂಡಿದ್ದೆ. ಅವರ ಹೊಟ್ಟೆಯಲ್ಲಿ ಮಾತು ನಿಲ್ಲಬೇಕಲ್ಲ. ಸಂಜೆ ಹಾಲು ಕರೆಯುತ್ತಿದ್ದ ತಾಯಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಹೇಳಿಬಿಟ್ಟರು. ಅತ್ತೆ ಚೆಂಬು ಕೆಳಗಿಟ್ಟು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವತ್ತಿನಿಂದ ಬಿಂದಿಗೆ ಎತ್ತುವಂತಿಲ್ಲ, ಎಳ್ಳು ಮುಟ್ಟುವಂತಿಲ್ಲ, ಪರಂಗಿಹಣ್ಣಿನ ಹೆಸರು ಎತ್ತುವಂತಿಲ್ಲ. ಕಡೂರಿಗೆ ಹೊರಟ ನೆಂಟರ ಕೈಲಿ ನನ್ನ ತವರು ಪಂಚನಹಳ್ಳಿಗೂ ಮಾತು ಹೋಯಿತು. ಮುಂದಿನ ಗುರುವಾರ ಬರುತ್ತೇನೆ ಎಂದು ನನ್ನ ತಾಯಿಯಿಂದ ಉತ್ತರವೂ ಬಂತು.

ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ? ಒಬ್ಬಳೇ ಇದ್ದಾಗ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಬಿಸಿ ಇದೆಯಾ ಎಂದು ನೋಡುತ್ತಿದ್ದೆ. ಜಗಲಿಯಲ್ಲಿ ರೈತರು ಬಂದರೆ ತಲೆ ಎತ್ತಿಕೊಂಡೇ ಕಾಫಿ ಕೊಟ್ಟೆ.

ಆ ಗುರುವಾರ ಬೆಳಿಗ್ಗೆಯೂ ಇವರು ಕಿಟಕಿಯ ಬಳಿ ನನಗೆ ಬೆನ್ನು ಮಾಡಿ ನಿಂತು "ಹಂಗೇ ಐತೆ" ಅಂದು, ಕಡ್ಡಿಯನ್ನು ಗೂಡಿನಲ್ಲಿಟ್ಟು, ಕಾಫಿಯನ್ನೂ ಕುಡಿಯದೆ ಕೆಲಸಕ್ಕೆ ಹೋದರು. ಬಿಸಿಲೇರುವ ಹೊತ್ತಿಗೆ ನನಗೆ ಸೊಂಟ ಹಿಡಿದಂತಾಯಿತು. ಬಚ್ಚಲಿಗೆ ಹೋದೆ. ಮುಟ್ಟಾಗಿತ್ತು.

ಗೋಡೆ ಹಿಡಿದುಕೊಂಡು ನಿಂತೆ. ಬೆಳಿಗ್ಗೆ ಇನ್ನೂ ಹಾಗೇ ಇತ್ತಲ್ಲ, ಇಷ್ಟು ಬೇಗ ಹೇಗೆ ಇಳಿಯಿತು ಎಂದು ಆ ಹೊತ್ತಿನಲ್ಲೂ ಲೆಕ್ಕವೇ ತಲೆಗೆ ಬಂತು. ಬಟ್ಟೆ ಬದಲಾಯಿಸಿ ಕೋಣೆಗೆ ಬಂದು ಗೂಡಿನಿಂದ ಥರ್ಮಾಮೀಟರು ತೆಗೆದೆ. ಜಾಡಿಸುವವರೆಗೆ ಪಾದರಸ ಬೆಳಿಗ್ಗೆ ಏರಿದ ಜಾಗದಲ್ಲೇ ನಿಂತಿರುತ್ತದೆ, ಇವರು ಜಾಡಿಸುವುದು ರಾತ್ರಿಯೇ. ಹೆಂಚಿನ ನಡುವಿನ ಗಾಜಿನ ಬೆಳಕು ಬೀಳುವಲ್ಲಿ ನಿಂತು ತಿರುಗಿಸಿದೆ. ಆ ಹಗಲು ಬೆಳಕಿನಲ್ಲಿ ಬೆಳ್ಳಿಗೆರೆ ಒಂದೇ ಸಲಕ್ಕೆ ಕಂಡಿತು. ತೊಂಬತ್ತೆಂಟು ಮುಟ್ಟಿರಲಿಲ್ಲ. ಹಳೆಯ ತಣ್ಣನೆಯ ದಿನಗಳ ಜಾಗಕ್ಕೆ ಇಳಿದು ನಿಂತಿತ್ತು.

ಮೊದಲು ಅಳು ಬರಲಿಲ್ಲ, ಸಿಟ್ಟು ಬಂತು. ಆ ಗಾಜನ್ನು ನೆಲಕ್ಕೆ ಅಪ್ಪಳಿಸಬೇಕು ಅನ್ನಿಸಿತು. ಆದರೆ ಅಪ್ಪಳಿಸಿದರೆ ಅವರಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದವರನ್ನು ನಡುಮನೆಯಲ್ಲೇ ತಡೆದೆ.

"ಓದಿ ಇದನ್ನ," ಅಂದೆ.

ಅವರು ಕೈ ಚಾಚಲಿಲ್ಲ.

"ಯಾವಾಗಿಂದ ಇಳಿದೈತೆ?" ಅಂದೆ.

"ಸೋಮಾರದಿಂದ," ಅಂದರು.

"ರೈತನ ಹಸ ಗಬ್ಬ ನಿಂತಿಲ್ಲ ಅಂದ್ರೆ ಕೊಟ್ಟಿಗೇಲೇ ನಿಂತು ಹೇಳ್ತೀರಿ. ನಂಗ್ಯಾಕ್ ಹೇಳ್ಲಿಲ್ಲ? ನಾನು ಹಸಕ್ಕಿಂತ ಕಡೆನಾ?"

"ಅವ್ವಂಗೆ ಹೇಳ್ಬಿಟ್ಟಿದ್ದೆ ಕಣೆ. ಊರಿಗೆಲ್ಲ ಗೊತ್ತಾಗೋಗಿತ್ತು. ನಾಳೆ ಏರ್ತದೇನೋ, ನಾಳೆ ಏರ್ತದೇನೋ ಅಂತ... ಹೇಳಕ್ಕೆ ನಾಚ್ಕೆ ಆಯ್ತು."

ಸೋಮವಾರವೇ ಹೇಳಿದ್ದರೆ ಪಂಚನಹಳ್ಳಿಗೆ ಬೇಡ ಎಂದು ಹೇಳಿಕಳಿಸಬಹುದಿತ್ತು. ಈಗ ನನ್ನ ತಾಯಿ ಆಗಲೇ ಬಸ್ಸಿನಲ್ಲಿರುತ್ತಾಳೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹಾಗೇ ಹೊಸ್ತಿಲ ಮೇಲೆ ಕೂತರು. ಮಾಡಿದ ಅಡಿಗೆ ಯಾರೂ ಮುಟ್ಟಲಿಲ್ಲ.

ನನ್ನ ತಾಯಿ ಬಂದಾಗ ಮೂವರೂ ಹಾಗೇ ಇದ್ದೆವು. ಅವಳ ತಲೆಯ ಮೇಲೆ ಬುಟ್ಟಿ, ಬುಟ್ಟಿಯ ತುಂಬ ಬಸುರಿಗೆಂದು ಮಾಡಿ ತಂದ ತಿಂಡಿ. ಮಾವಿನಕಾಯಿಯೂ ಇತ್ತು, ಅದರ ತೊಟ್ಟಿನ ಎಲೆ ಇನ್ನೂ ಹಸಿರಾಗಿಯೇ ಇತ್ತು. ಬುಟ್ಟಿ ಇಳಿಸಿದವಳೇ ನೇರವಾಗಿ ನನ್ನ ಹತ್ತಿರ ಬಂದು ಎರಡು ಅಂಗೈಯಲ್ಲೂ ನನ್ನ ಕೆನ್ನೆ ಹಿಡಿದಳು. ಅವಳ ಮುಖ ಹೂವಿನಂತೆ ಅರಳಿತು.

"ಅಬ್ಬ, ಹೆಂಗ್ ಕಾದೈತೆ ಮೈ!" ಎಂದು ಅತ್ತೆಯ ಕಡೆ ತಿರುಗಿ ಹೇಳಿದಳು. "ಬಸ್ರಿ ಮೈ ಅಂದ್ರೆ ಇದೇಯ ಕಣ್ರೀ. ಇವಳು ಹೊಟ್ಟೇಲಿದ್ದಾಗ ನಂಗೂ ಹಿಂಗೇ ಆಗಿತ್ತು."

ಅತ್ತೆ ತಲೆ ಎತ್ತಲಿಲ್ಲ. ಕಂಬಕ್ಕೊರಗಿ ನಿಂತಿದ್ದ ಇವರೇ ಮಾತಾಡಿದರು.

"ಇಲ್ಲ. ನಿಂತಿಲ್ಲ," ಅಂದರು. "ಸೋಮಾರದಿಂದ್ಲೇ ನಂಗ್ ಗೊತ್ತಿತ್ತು. ತಪ್ಪು ನಂದು, ಅವಳ್ದೇನೂ ಇಲ್ಲ."

ನನ್ನ ತಾಯಿ ಅವರ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಬುಟ್ಟಿಯ ಕಡೆಗೊಮ್ಮೆ ನೋಡಿ ಅದನ್ನು ಕಾಲಿನಿಂದ ಮೆಲ್ಲಗೆ ಗೋಡೆಯ ಕಡೆಗೆ ಸರಿಸಿದಳು. ನನ್ನ ಕೆನ್ನೆಯ ಮೇಲಿದ್ದ ಕೈಯನ್ನು ಮಾತ್ರ ತೆಗೆಯಲಿಲ್ಲ.

"ಹಂಗಾರೆ ಇದ್ಯಾತರ ಬಿಸಿನೇ ಮಗಾ?" ಎಂದು ಮೆಲ್ಲಗೆ ಕೇಳಿದಳು.

"ನಾಚ್ಕೇದು ಕಣವ್ವ," ಅಂದೆ.